ಎಂಬತ್ತೆಂಟರ ಹಾಲುಹಲ್ಲು

ಅದು ಎಂಬತ್ತೇಳನೇ ಇಸವಿ. ಹರಪನಹಳ್ಳಿಯ ನಮ್ಮ ಉಣ್ಣೆ ಸೊಸೈಟಿಗೆ ಕಂಪ್ಯೂಟರ್ ಬರ್ತೈತಿ ಅಂದ ದಿನಾನ, ಅದರ ಮುಂದ ಕುಂದ್ರಾಕಿ ನಾನ ಅಂತ ಗಟ್ಟಿ ಮಾಡ್ಕೊಂಡಿದ್ದೆ. ನಾನು ಹುಲುಗಮ್ಮ, ಅಲ್ಲಿ ಟೈಪಿಸ್ಟು. ನಮ್ಮಪ್ಪ ಗಂಗಪ್ಪ ಅದೇ ಸೊಸೈಟಿಯಾಗ ಇಪ್ಪತ್ತು ವರ್ಷದಿಂದ ಉಣ್ಣೆ ಪಿಂಡಿ ಹೊರತಿದ್ದ. ಒಂದ್ ದಿನಾನೂ ಆಫೀಸಿನಾಗ ಕುರ್ಚಿಮ್ಯಾಲ ಕುಂತಿರಲಿಲ್ಲ. ಅದು ನನಗ ಹೊಟ್ಟ್ಯಾಗಿನ ಉರಿ.

ಕಂಪನಿಯವ ಎರಡು ಮಿಷಿನ್ ತಂದಿಟ್ಟ. ಒಂದರ ಪ್ರೊಸೆಸರ್ 8086, ಇನ್ನೊಂದರದು 8088.

"ಎಂಬತ್ತೆಂಟು ದೊಡ್ಡ ನಂಬರ್ರಿ, ಜೋರೂ ಹೆಚ್ಚು. ಅದನ್ನ ತಗೊಂಡ್ರ ನಡಸಾಕ ನಮ್ಮ ಕಡೆಯವನನ್ನೂ ಕಳಸ್ತೀವಿ" ಅಂದ.

ಅಧ್ಯಕ್ಷರು ಚೌಡಣ್ಣಾರು, ಮುನ್ನೂರು ಕುರಿಯ ಧಣಿ, ಹೂಂ ಅಂದೇಬಿಟ್ರು. ಐದು ಎಚ್‌ಪಿ ಮೋಟ್ರಿಗಿಂತ ಏಳೂವರಿ ಎಚ್‌ಪಿದು ಹೆಚ್ಚು ನೀರು ಎತ್ತತೈತಲ್ಲ, ಅದೇ ಲೆಕ್ಕ ಅವರದು.

ಅಯ್ಯ, ನನ್ನ ಕುರ್ಚಿ ಹೋತಲ್ಲ! ಬಿಡ್ತೀನೇನು? ಮಿಷಿನ್ ಬರೂಕಿಂತ ಮೊದಲ ಕಂಪನಿಯವರು ಕಳಿಸಿದ್ದ ಎರಡರದೂ ಪುಸ್ತಕಾನ ಎಂಟು ದಿನ ಕುಂತು ಓದಿದ್ದೆ.

"ಚೌಡಣ್ಣಾರ, ಟಗರು ಕೊಳ್ಳಾಗ ಬರೇ ಹಲ್ಲು ಎಣಿಸ್ತೀರೇನ್ರಿ?"

"ಹುಚ್ಚಿ! ಮರಿ ಬಾಯಾಗ ಎಂಟು ಇರ್ತಾವ, ಎಲ್ಲಾ ಹಾಲುಹಲ್ಲು. ಎರಡ ದೊಡ್ಡ ಹಲ್ಲು ಹಾಕಿದ ಟಗರು ಅದಕ್ಕಿಂತ ಹಿರೇದು. ಎಣಿಸಿದವ ಕೆಟ್ಟ."

"ಇದೂ ಹಂಗರಿ. ಎರಡರ ತಲಿನೂ ಒಂದ. ಎಂಬತ್ತಾರು ಒಂದ್ ಸಲಕ್ಕ ಹದಿನಾರು ಬಿಟ್, ಅಂದ್ರ ಹದಿನಾರು ಚೂರು ಮಾಹಿತಿ, ಒಳಗ ತಗೋತೈತಿ. ಎಂಬತ್ತೆಂಟರ ಬಾಗಲಾ ಸಣ್ಣದು, ಎಂಟೆಂಟ ತಗೋತೈತಿ. ಕಡೀ ಎಂಟು ಹೇಳೋದು ಅದನ್ನ."

ಕಂಪನಿಯವ ನಕ್ಕ. ನಾನು ನಗಲಿಲ್ಲ. ಎರಡರಾಗೂ ಸಾವಿರ ಸದಸ್ಯರ ಹೆಸರು ಹಾಕಿಸಿ, ಅಕ್ಷರದ ಸಾಲಿಗೆ ಜೋಡಸಾಕ ಒಮ್ಮೆಲೆ ಬಿಟ್ಟೆ. ಚೌಡಣ್ಣಾರು ಗಡಿಯಾರ ಹಿಡಕೊಂಡ್ರು. ಎಂಬತ್ತಾರು ಮುಗಿಸಿ ಸುಮ್ಮನಾತು. ಎಂಬತ್ತೆಂಟು ಇನ್ನೂ ಗುಂಯ್ ಅಂತಿತ್ತು.

"ಹಾಲುಹಲ್ಲು ತೋರ್ಸಿ ಟಗರು ಅಂತೀಯೇನಪ್ಪಾ?" ಅಂದ್ರು ಚೌಡಣ್ಣಾರು. ಕಂಪನಿಯವನ ಮುಖ ಸಣ್ಣದಾತು. ಅವರು ತಮ್ಮ ಕುರ್ಚಿನ ಎಳದು ಎಂಬತ್ತಾರರ ಮುಂದ ಇಟ್ರು. "ಕುಂದ್ರವಾ ಹುಲುಗಮ್ಮ. ಇನ್ನ ಇದು ನಿಂದು."

ಬಾಗಲದಾಗ ಅಪ್ಪ ಪಿಂಡಿ ಹೊತ್ತು ನಿಂತಿದ್ದ. ನನಗ ಕಣ್ಣು ತುಂಬಿ ಬಂತು, ಆದರೂ ದನಿ ಗಟ್ಟಿನ ಇತ್ತು.

"ಪಿಂಡಿ ಇಳಿಸಪ್ಪಾ. ಮೊದ್ಲು ನೀ ಕುಂದ್ರು."

ಅಪ್ಪ ಚೌಡಣ್ಣಾರ ಮುಖ ನೋಡಿದ. ಅವರು ಕುರ್ಚಿನ ಅವನ ಕಡೆ ತಿರುಗಿಸಿದ್ರು. ಅಪ್ಪ ಹೆಗಲಮ್ಯಾಗಿನ ಟವೆಲ್ ತಗದು ಕುರ್ಚಿ ಒರಿಸಿ ಕುಂತ.