ಹುತ್ತದ ಪಕ್ಕದ ಗಂಧದ ಗಿಡ

ಮದಕರಿಪುರದಲ್ಲಿ ಚಿಕ್ಕತಿಮ್ಮಪ್ಪನ ಹೊಲ ಎಂದರೆ ಸಾರಿಸಿದ ಅಂಗಳ ಇದ್ದ ಹಾಗೆ. ಅಲ್ಲಿ ಒಂದು ಗರಿಕೆ ತಲೆ ಎತ್ತಿದ್ದನ್ನು ಯಾರೂ ಕಂಡಿಲ್ಲ. ಅವನಪ್ಪ ಬೋರಪ್ಪನೂ ಹಾಗೇ. ಪರರ ಹೊಲದಲ್ಲಿ ಹಾದು ಹೋಗುವಾಗಲೂ ಬಗ್ಗಿ ನಾಲ್ಕು ಕಳೆ ಕಿತ್ತು ಹಾಕದೆ ಮುಂದೆ ಹೋಗುತ್ತಿರಲಿಲ್ಲ.

ಆ ಹೊಲದ ಬದುವಿನುದ್ದಕ್ಕೂ ಗಂಧದ ಸಸಿ ಇಟ್ಟವಳು ತಿಮ್ಮಪ್ಪನ ಹೆಂಡತಿ ಏಕಾಂತಮ್ಮ. ಮಳೆ ನಂಬಿ ಬರೀ ಶೇಂಗಾ, ರಾಗಿ ಅಂದರೆ ಆಗುವುದಿಲ್ಲ, ಹುಟ್ಟುವ ಮೊಮ್ಮಕ್ಕಳ ಕಾಲಕ್ಕೆ ಬದುವಿನ ಮೇಲೆ ಏನಾದರೂ ನಿಂತಿರಲಿ ಅನ್ನುವುದು ಅವಳ ಮಾತು. ಒಂದೊಂದು ಸಸಿಯ ಪಕ್ಕಕ್ಕೂ ತೊಗರಿ ಕಾಳು ಊರಿದಳು. ಇಷ್ಟು ಜಾಗದಲ್ಲೂ ನಿನಗೆ ಬೇಳೆ ಬೇಕೇನೆ ಎಂದು ತಿಮ್ಮಪ್ಪ ನಕ್ಕಿದ್ದ. ಅವಳು ಮುಂದಿನ ಸಸಿಯ ಪಕ್ಕಕ್ಕೆ ಬಗ್ಗಿದಳು. ಮರುವರ್ಷ ಮತ್ತೆ ತೊಗರಿ ಊರಿ, ದೀಪಾವಳಿ ಹೊತ್ತಿಗೆ ಜ್ವರ ಬಂದು ಮಲಗಿದವಳು ಏಳಲಿಲ್ಲ.

ಆಮೇಲೆ ಸಸಿಗಳನ್ನು ತಿಮ್ಮಪ್ಪನೇ ನೋಡಿಕೊಂಡ. ತೊಗರಿ ಬಲಿತ ಮೇಲೆ ಕಾಳು ಬಡಿದು, ಕಡ್ಡಿಯನ್ನು ಬುಡಸಮೇತ ಕಿತ್ತು ಒಲೆಗೆ ಹಾಕಿದ. ಹಳದಿ ಹೂವಿನ ತಂಗಡಿ ಪೊದೆಗಳನ್ನೂ ಬಿಡದೆ ಅಗೆದು, ಒಂದೊಂದು ಗಿಡಕ್ಕೂ ಪಾತಿ ಕಟ್ಟಿ, ಬಿಂದಿಗೆಯಲ್ಲಿ ನೀರು ಹೊತ್ತ. ಅವಳು ಇಟ್ಟ ಗಿಡ, ಚೊಕ್ಕವಾಗಿರಬೇಕು. ಹುತ್ತದ ಪಕ್ಕದ್ದೊಂದನ್ನು ಮಾತ್ರ ಹಾಗೇ ಬಿಟ್ಟ. ಹುತ್ತದ ಬಳಿ ಗುದ್ದಲಿ ಹಾಕುವುದು ಅವರ ಮನೆತನದಲ್ಲಿಲ್ಲ.

ಬೇಸಿಗೆಗೆ ಎಲೆ ಹಳದಿಯಾಯಿತು. ನೀರು ಸಾಲದೇನೋ ಎಂದು ಇನ್ನೊಂದು ಬಿಂದಿಗೆ ಹೊಯ್ದ, ಗೊಬ್ಬರ ಕೊಟ್ಟ. ಗಿಡಗಳು ತುದಿಯಿಂದ ಒಣಗುತ್ತಾ ಬಂದವು. ಮಗ ಅಂಜನ್ ನೋಡಿ, ಇನ್ನು ಇವು ಬದುಕುವುದಿಲ್ಲ, ನಾಳೆ ಟ್ರ್ಯಾಕ್ಟರ್ ತಂದು ಬದುವನ್ನೂ ಮಟ್ಟ ಮಾಡಿಸಿ ಮೆಕ್ಕೆಜೋಳಕ್ಕೆ ಅಣಿ ಮಾಡುತ್ತೇನೆ ಅಂದ. ತಿಮ್ಮಪ್ಪನಿಗೆ ಬೇಡ ಅನ್ನಬೇಕೆನಿಸಿತು. ಏನನ್ನು ತೋರಿಸಿ ಬೇಡ ಅನ್ನುವುದು?

ಸಂಜೆ ಕೊನೆಯದಾಗಿ ಬದುವಿನ ಮೇಲೆ ನಡೆದ. ಹುತ್ತದ ಹತ್ತಿರ ಬಂದು ನಿಂತುಬಿಟ್ಟ. ತಂಗಡಿ ಪೊದೆಯ ನಡುವೆ ಆ ಗಂಧದ ಗಿಡ ಸೊಂಟದೆತ್ತರ ಬೆಳೆದು ಹಸಿರಾಗಿತ್ತು. ಸೊಸೆ ರಮ್ಯಾ ಬಾಣಂತನ ಮುಗಿಸಿ ಚಿಕ್ಕಜಾಜೂರಿನ ತವರಿಂದ ಆಗಷ್ಟೇ ಬಂದಿದ್ದಳು. ಮಾವನನ್ನು ಊಟಕ್ಕೆ ಕರೆಯಲು ಅಲ್ಲಿಗೆ ಬಂದಳು.

"ನೋಡಮ್ಮ, ನಾನು ಒಂದು ಹನಿ ನೀರು ಹಾಕದೇ ಇರೋದು ಇದೊಂದಕ್ಕೆ. ಇದೊಂದೇ ಚೆನ್ನಾಗೈತೆ."

ರಮ್ಯಾ ಬೋಳು ಬದುವನ್ನು ಆ ತುದಿಯಿಂದ ಈ ತುದಿಗೆ ನೋಡಿದಳು. ಕೂತು ಒಣಗಿದ ಗಿಡವೊಂದರ ಬುಡ ಬಿಡಿಸಿದಳು. ಗಂಧದ ಎಳೆಬೇರು ಅಂಗಿಯ ಪುಟ್ಟ ಗುಂಡಿಯಂಥ ಬಾಯಿ ಮಾಡಿಕೊಂಡು, ಮಣ್ಣಲ್ಲಿ ಉಳಿದಿದ್ದ ತೊಗರಿ ಬೇರಿನ ತುಂಡೊಂದನ್ನು ಇನ್ನೂ ಕಚ್ಚಿಕೊಂಡಿತ್ತು.

"ಗಂಧ ಒಂದೇ ಬದುಕಲ್ಲ ಮಾವ. ಪಕ್ಕದ ಗಿಡದ ಬೇರಿಂದ ಉಣ್ತೈತೆ ಅಂತ ಅತ್ತೆ ಹೇಳಿದ್ರು. ನಿಮಗೂ ಹೇಳಿರ್ತಾರೆ ಅಂದ್ಕಂಡಿದ್ದೆ."

ತಿಮ್ಮಪ್ಪ ಆ ಬೇರನ್ನು ಅಂಗೈಯಲ್ಲಿ ಹಿಡಿದು, ಹೆಬ್ಬೆರಳಲ್ಲಿ ಮಣ್ಣು ಒರೆಸಿದ.

"ನಾನು ಕೇಳ್ಲಿಲ್ಲ," ಅಂದ.

ಬೆಳಿಗ್ಗೆ ಟ್ರ್ಯಾಕ್ಟರ್ ಬಂದಾಗ ಅವನು ಬದುವಿನ ಮೇಲೆ ನಿಂತಿದ್ದ. ಹೊಲ ಉಳು, ಇದನ್ನು ಮುಟ್ಟಬೇಡ ಅಂದ. ಅಂಜನ್ ಅಪ್ಪನ ಮುಖ ನೋಡಿ, ಟ್ರ್ಯಾಕ್ಟರನ್ನು ಹೊಲದ ಕಡೆಗೆ ತಿರುಗಿಸಲು ಹೇಳಿದ. ಉಗುರಲ್ಲಿ ಕೆರೆದರೆ ಸಿಪ್ಪೆಯಡಿ ಹಸಿರು ಕಂಡ ಗಿಡ ಕೆಲವೇ. ಮಳೆ ಬಿದ್ದ ಕೂಡಲೆ ಅವುಗಳ ಪಕ್ಕ ತೊಗರಿ ಊರಿದ, ಅದರಾಚೆ, ತೊಗರಿ ಹೋದ ಮೇಲೂ ನಿಲ್ಲಲೆಂದು ಹೊಂಗೆ ಬೀಜ. ಸತ್ತವುಗಳ ಜಾಗ ಖಾಲಿಯೇ ಉಳಿಯಿತು.

ಶ್ರಾವಣದಲ್ಲಿ ಪಕ್ಕದ ಹೊಲದ ಜಂಪಣ್ಣ ಬದು ನೋಡಿ ನಿಂತ. ಹುಲ್ಲು, ತಂಗಡಿ, ತೊಗರಿ ಎಲ್ಲ ಒಂದಾಗಿದ್ದವು.

"ಏನಪ್ಪ ತಿಮ್ಮಣ್ಣ, ಬೋರಪ್ಪನ ಮಗನ ಬದುವಾ ಇದು? ಎಮ್ಮೆ ಕಳೆದೋದ್ರೂ ಸಿಗಾಕಿಲ್ಲ."

"ಇರ್ಲಿ ಬಿಡಪ್ಪ. ಗಂಧ ಉಂಡ್ಕಳ್ಳಿ."

ಹೇಳುತ್ತಿರುವಾಗಲೇ ಅವನ ಕೈ ರೂಢಿಯಂತೆ ಗಂಧದ ಬುಡದ ಒಂದು ಕಳೆಯ ಕಡೆಗೆ ಹೋಗಿತ್ತು. ಹಿಂದಕ್ಕೆ ತೆಗೆದುಕೊಂಡು, ಪಂಚೆಗೆ ಒರೆಸಿಕೊಂಡ.