ಹಣೆಯ ಮೇಲಿನ ಸೂಜಿ

ಅಮ್ಮನ ಪಿತ್ತಕೋಶದ ಕಲ್ಲಿನ ಆಪರೇಷನ್ ಎರಡು ಸಲ ಥಿಯೇಟರಿನ ಬಾಗಿಲವರೆಗೆ ಹೋಗಿ ವಾಪಸ್ ಬಂದಿತ್ತು. ಮನೆಯಲ್ಲಿ ಸರಿಯಾಗಿರುವ ಬಿ.ಪಿ. ವಾರ್ಡಿನಲ್ಲೂ ಸರಿಯಾಗಿಯೇ ಇರುತ್ತಿತ್ತು. ಹಸಿರು ಗೌನು ಹಾಕಿ ಸ್ಟ್ರೆಚರ್ ಮೇಲೆ ಮಲಗಿಸಿದ್ದೇ ತಡ, ಇನ್ನೂರರ ಹತ್ತಿರ ಹೋಗಿ ಕೂರುತ್ತಿತ್ತು. ಅರಿವಳಿಕೆ ಕೊಡುವ ಡಾಕ್ಟರು ಶಿವಶರಣ, "ಇಷ್ಟು ಬಿ.ಪಿ. ಇಟ್ಕೊಂಡು ನಾನು ಹ್ಯಾಂಗ್ ಅರಿವಳಿಕೆ ಕೊಡ್ಲಿ ಹೇಳ್ರಿ?" ಎಂದು ಧಾರವಾಡದ ಧಾಟಿಯಲ್ಲಿ ಕೇಳುತ್ತಿದ್ದರು. ಹಿಂದಿನ ಸಲ ಸಮಾಧಾನಕ್ಕೆಂದು ಮಾತ್ರೆ ನುಂಗಿಸಿದ್ದರು. ಅಮ್ಮ ತೂಕಡಿಸಿದಳು, ಬಿ.ಪಿ. ತೂಕಡಿಸಲಿಲ್ಲ.

ಕಲ್ಲು ಸುಮ್ಮನಿರುತ್ತದೆಯೇ? ಹಬ್ಬದ ದಿನ ಒಬ್ಬಟ್ಟು ತಿಂದವಳು ಮಧ್ಯಾಹ್ನವೇ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಉರುಳಾಡಿಬಿಟ್ಟಳು. ಈ ಸಲ ಆಗಲೇಬೇಕು, ಕೀವು ತುಂಬಿಕೊಂಡರೆ ಜೀವಕ್ಕೇ ಅಪಾಯ ಎಂದು ಸರ್ಜನ್ ಹೇಳಿದರು. ನಾನು ಕೆಲಸ ಮಾಡುವ ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿಯಲ್ಲಿ ಮತ್ತೆ ರಜೆ ಕೇಳಿದಾಗ ಮಾಲೀಕ ಅಹ್ಮದ್ ಪಾಷಾ, "ಹಂಸಮ್ಮಾ, ನಿಮ್ಮ ತಾಯಿದು ಆಪರೇಷನ್ನಾ, ಟ್ರಯಲ್ ರೂಮಾ? ಹೋಗಿ ಹೋಗಿ ವಾಪಸ್ ಬರ್ತಾರಲ್ಲ" ಎಂದು ನಗಾಡಿದರೂ ರಜೆ ಕೊಟ್ಟರು.

ಕಗ್ಗದಾಸಪುರದಿಂದ ಹಲಸೂರಿನ ಆಸ್ಪತ್ರೆಗೆ ಹೊರಟಾಗ ಮಗಳು ಶ್ವೇತ ಬಾಗಿಲಲ್ಲಿ ನಿಂತು ಕೇಳಿದಳು. "ಅಜ್ಜಿಗೂ ಸೇರ್ಸಿ ಅನ್ನಕ್ಕಿಡ್ಲಾ? ವಾಪಸ್ ಬರೋದು ಗ್ಯಾರಂಟಿ ತಾನೆ?"

"ಬಾಯಿ ಮುಚ್ಚೆ" ಎಂದೆ. ಆದರೆ ಅಮ್ಮನ ಪಾಲೂ ಸೇರಿಸಿ ಎರಡು ಪಾವು ಅಕ್ಕಿ ನೆನೆಯಲು ಹಾಕಿಯೇ ಬಂದಿದ್ದೆ.

ಈ ಸಲ ಶಿವಶರಣ ಡಾಕ್ಟರು ಹೊಸ ದಾರಿ ಹಿಡಿದಿದ್ದರು. ಆಪರೇಷನ್ನಿಗೆ ಮುಂಚೆ ಅಕ್ಯುಪಂಕ್ಚರ್ ಮಾಡಿಸೋಣ, ಕೆಲವರಿಗೆ ಗಾಬರಿ ಇಳಿಯುತ್ತೆ, ಎಲ್ಲರಿಗೂ ಅಂತ ಹೇಳಲಾರೆ ಎಂದರು. ಅಪ್ಪನಿಗೆ ನಗು ತಡೆಯಲಾಗಲಿಲ್ಲ. "ಸೂಜಿ ಕಂಡ್ರೆ ಹೆದ್ರೋಳಿಗೆ ಸೂಜೀನೇ ಔಷಧೀನಾ? ನಮ್ ಎಮ್ಮೆಗಳಿಗೆ ಸೂಜಿ ಹಾಕ್ಸೋಕೂ ಇಷ್ಟೊಂದು ಜನ ಬೇಕಾಗಿರ್ಲಿಲ್ಲ."

"ಎಮ್ಮೆ ಮಾರಿ ಇಪ್ಪತ್ತು ವರ್ಷ ಆಯ್ತು, ಇನ್ನೂ ನನ್ನ ಅವಕ್ಕೇ ಹೋಲಿಸ್ತೀರಲ್ಲ" ಎಂದಳು ಅಮ್ಮ.

ಸೂಜಿ ಡಾಕ್ಟರ ಹೆಸರು ಜಹನಾರಾ. ಶಿವಾಜಿನಗರದವರು. ಅಪ್ಪನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಪರದೆ ಎಳೆದರು. ಅಮ್ಮನ ತೋಳಿಗೆ ಬಿ.ಪಿ. ಮಿಷನ್ ಕಟ್ಟಿ, ಕಿವಿಗೆ, ಮಣಿಕಟ್ಟಿಗೆ ಕೂದಲೆಳೆಯಂಥ ಸೂಜಿ ಚುಚ್ಚಿದರು. ಅಂಗಡಿಯಲ್ಲಿ ದಿನವೂ ಹೊಲಿಗೆ ಸೂಜಿ ಹಿಡಿಯುವ ನನಗೇ ಅದು ಒಳಹೋಗಿದ್ದು ಗೊತ್ತಾಗಲಿಲ್ಲ.

"ನೋವಾಯ್ತಾ ಅಮ್ಮಾ?"

"ಚುಚ್ಚಿದ್ರಾ ಆಗ್ಲೇ?" ಎಂದಳು ಅಮ್ಮ. ಮಿಷನ್ ನೂರ ನಲವತ್ತೆರಡು ತೋರಿಸುತ್ತಿತ್ತು.

"ಇನ್ನೊಂದು ಹುಬ್ಬುಗಳ ಮಧ್ಯೆ. ಗಾಬರಿಗೆ ಅದೇ ಮುಖ್ಯ ಜಾಗ. ಸ್ವಲ್ಪ ಬೊಟ್ಟು ಒರೆಸ್ತೀನಿ" ಎಂದು ಜಹನಾರಾ ಹತ್ತಿ ಎತ್ತಿಕೊಂಡರು.

ಹತ್ತಿ ಹಣೆಗೆ ತಾಗುವ ಮುಂಚೆಯೇ ಅಮ್ಮ ಅವರ ಕೈ ಹಿಡಿದುಬಿಟ್ಟಳು. ಮಿಷನ್ ಗುಯ್‌ಗುಟ್ಟಿತು. ನೂರ ಎಂಬತ್ತೆಂಟು.

ಜಹನಾರಾ ಮಿಷನ್ ನೋಡಿದರು, ಅಮ್ಮನ ಮುಖ ನೋಡಿದರು, ಹತ್ತಿಯನ್ನು ಟ್ರೇಯಲ್ಲಿ ವಾಪಸ್ ಇಟ್ಟರು. "ಏನಾಯ್ತಮ್ಮಾ?"

ಅಮ್ಮನ ಕಣ್ಣು ಪರದೆಯ ಕಡೆಗಿತ್ತು. "ಹಂಸಾ, ನಿಮ್ಮಪ್ಪ ಕೇಳಿಸ್ಕೊಳ್ತಾವ್ರಾ?"

"ಇಲ್ಲ, ಯಾರ ಜೊತೇಲೋ ಹಳೇ ಕೆರೆ ಕಥೆ ಹೇಳ್ತಾವ್ರೆ."

"ನಮ್ಮ ಮಾವ ತೀರ್ಕೊಂಡ ಹನ್ನೊಂದನೇ ದಿನ ನಮ್ಮತ್ತೆಗೆ ಹಣೆ ಒರೆಸಿದ್ದು ನಾನು ಪಕ್ಕದಲ್ಲೇ ನಿಂತು ನೋಡಿದೀನಿ ಕಣೆ. ಹಣೆ ಒರೆಸೋದು ಅವತ್ತೇ. ಇಲ್ಲಿ ಆ ಸಿಸ್ಟರು ಎರಡು ಸಲಾನೂ ಹತ್ತೀಲಿ ಉಜ್ಜಿ, ಬೋಳು ಹಣೇಲಿ ನಿಮ್ಮಪ್ಪನ ಮುಂದೇನೇ ತಳ್ಕೊಂಡು ಹೋದ್ರು. ಅವ್ರ ಎದೇಲಿ ಮೊದ್ಲೇ ಸ್ಟೆಂಟ್ ಐತೆ. ನಾನು ಒಳಗೆ ಜ್ಞಾನ ಇಲ್ದೆ ಬಿದ್ದಿರ್ವಾಗ ಹೊರಗೆ ಅವ್ರಿಗೇನಾದ್ರೂ ಆದ್ರೆ?"

ನಾವೆಲ್ಲ ಚಾಕುವಿನ ಭಯ ಎಂದುಕೊಂಡಿದ್ದೆವು. ಅವಳು ತನಗಾಗಿ ಹೆದರಿಯೇ ಇರಲಿಲ್ಲ.

ಜಹನಾರಾ ನಗಲಿಲ್ಲ. "ಆಪರೇಷನ್ನಿಗೆ ಬಳೆ ತೆಗೀಬೇಕು ಅಂದಾಗ ನಮ್ಮ ಅಮ್ಮೀನೂ ಹೀಗೇ ಗಲಾಟೆ ಮಾಡಿದ್ರು" ಎಂದರು. "ಕುಂಕುಮ ಹೋಗ್ಲೇಬೇಕಮ್ಮಾ, ಆ ರೂಲ್ಸ್ ನಂದಲ್ಲ. ಆದ್ರೆ ಹಣೆ ಖಾಲಿ ಇರ್ಲೇಬೇಕು ಅಂತ ಯಾರೂ ಹೇಳಿಲ್ವಲ್ಲ."

ಅವರು ತೋರಿಸಿದ್ದು ಎಳ್ಳು ಕಾಳಿಗಿಂತ ಚಿಕ್ಕ ಸೂಜಿ. ದುಂಡನೆಯ ಪುಟ್ಟ ಪ್ಲಾಸ್ಟರಿನ ಮಧ್ಯೆ ಕೂತಿತ್ತು. ಅಂಟಿಸಿದರೆ ಆಪರೇಷನ್ ಮುಗಿಯುವವರೆಗೂ ಇರಬಹುದಂತೆ. ಮೇಲಿಂದ ಮೆತ್ತಗೆ ಒತ್ತಿದರೆ ಕೆಲಸ ಮಾಡುತ್ತದಂತೆ. ಶಿವಶರಣರಿಗೆ ಫೋನು ಮಾಡಿ ಕೇಳಿದರು. "ಆಗ್ಲಿ ಬಿಡ್ರಿ, ನಂಗೇನೂ ತೊಂದ್ರಿಲ್ಲ" ಎಂಬ ಉತ್ತರ ನಮಗೂ ಕೇಳಿಸಿತು.

ಅಮ್ಮ ತಾನೇ ಸೆರಗಿನ ತುದಿಯಿಂದ ಕುಂಕುಮ ಒರೆಸಿಕೊಂಡಳು. ಒರೆಸಿದ ಜಾಗವನ್ನು ಜಹನಾರಾ ಶುದ್ಧ ಮಾಡಿ ತಕ್ಷಣವೇ ಪ್ಲಾಸ್ಟರ್ ಅಂಟಿಸಿದರು. ಆಮೇಲೆ ಪರದೆ ಸರಿಸಿ, "ಯಜಮಾನ್ರೇ, ಬನ್ನಿ ಇಲ್ಲಿ. ಕೈ ತೊಳ್ಕೊಂಡು ಬನ್ನಿ" ಎಂದರು.

ಅಪ್ಪ ಕೈ ತೊಳೆದು ಬಂದ. ಒತ್ತಬೇಕಾದ್ದು ಎಲ್ಲಿ ಎಂದು ಗೊತ್ತಾದ ಮೇಲೆ ಎಮ್ಮೆ ಜೋಕು ಬಾಯಲ್ಲೇ ಉಳಿಯಿತು.

"ನಾನಾ ಮೇಡಂ? ನನ್ ಕೈ ಒರಟು."

"ನಲವತ್ತು ವರ್ಷದಿಂದ ಒರಟೇ ಅಲ್ವಾ, ಒತ್ರಿ" ಎಂದಳು ಅಮ್ಮ, ಕಣ್ಣು ಮುಚ್ಚಿಕೊಂಡು.

ಅಪ್ಪ ಹೆಬ್ಬೆರಳಿಟ್ಟು ಒತ್ತಿದ. ಧಾರೆಯ ದಿನ ಹೇಗಿತ್ತೋ ನಾನು ನೋಡಿಲ್ಲ, ಹೀಗೇ ಇದ್ದಿರಬೇಕು. ಮಿಷನ್ ಒಂದೊಂದೇ ಮೆಟ್ಟಿಲು ಇಳಿದು ನೂರ ಐವತ್ತರ ಒಳಗೆ ಬಂದು ನಿಂತಿತು. ಸೂಜಿಗೆ ಇಳಿಯಿತೋ, ಹೆಬ್ಬೆರಳಿಗೋ, ಹೇಳಿಕೊಂಡದ್ದಕ್ಕೋ, ನನಗೆ ಗೊತ್ತಿಲ್ಲ. ಕೇಳಿದರೆ ಜಹನಾರಾ ಕೂಡ, "ಎಲ್ಲಾ ಸ್ವಲ್ಪ ಸ್ವಲ್ಪ" ಎಂದರು.

ಸ್ಟ್ರೆಚರ್ ಬಂತು. ಸಿಸ್ಟರ್ ಸುಗತ ಅಭ್ಯಾಸದಂತೆ ಹತ್ತಿ ಹಿಡಿದು ಹಣೆಗೆ ಬಗ್ಗಿದವರು, ಪ್ಲಾಸ್ಟರ್ ಕಂಡು ಕೈ ಹಿಂದೆ ತೆಗೆದುಕೊಂಡರು. ಥಿಯೇಟರಿನ ಬಾಗಿಲಲ್ಲಿ ಅಮ್ಮನೇ ಗಾಡಿ ನಿಲ್ಲಿಸಿದಳು.

"ಏನ್ರೀ, ಕಾಣ್ಸುತ್ತಾ?"

"ಕಾಣ್ಸುತ್ತೆ ಕಣೆ. ದುಂಡಗೈತೆ" ಎಂದ ಅಪ್ಪ, ಇನ್ನೊಂದು ಸಲ ಒತ್ತಿದ. "ಹೋಗಿ ಬಾ. ನಾನು ಇಲ್ಲೇ ಇರ್ತೀನಿ, ಎಲ್ಲೂ ಹೋಗಲ್ಲ."

ಬಾಗಿಲು ಮುಚ್ಚಿತು. ಗಾಡಿ ವಾಪಸ್ ಬರುತ್ತದೆಂದು ನಾನು ಗೋಡೆಗೊರಗಿ ಕಾಯುತ್ತಲೇ ಇದ್ದೆ, ಬರಲಿಲ್ಲ. ಆಮೇಲೆ ಶಿವಶರಣ ತಲೆ ಹೊರಗೆ ಹಾಕಿ, "ಶುರು ಆಗೇತ್ರಿ" ಎಂದರು. ನಾನು ಆಗ ಹೋಗಿ ಅಪ್ಪನ ಪಕ್ಕ ಕೂತೆ.

ಎಲ್ಲೂ ಹೋಗಲ್ಲ ಎಂದ ಅಪ್ಪ, ಅಮ್ಮನನ್ನು ವಾರ್ಡಿಗೆ ತಂದು, ಹಣೆಯ ಪ್ಲಾಸ್ಟರ್ ಕಿತ್ತು ಮಲಗಿಸುತ್ತಿದ್ದಂತೆ ಮಾಯವಾಗಿದ್ದ. ಅಮ್ಮ ಕಣ್ಣು ಬಿಟ್ಟವಳು ಮೊದಲು ಹಣೆ ಮುಟ್ಟಿಕೊಂಡಳು, ಆಮೇಲೆ ಅಪ್ಪನನ್ನು ಹುಡುಕಿದಳು. ಅಷ್ಟರಲ್ಲಿ ಅಪ್ಪ ಏದುಸಿರು ಬಿಡುತ್ತಾ ಬಂದು, ಎದುರಿನ ಫ್ಯಾನ್ಸಿ ಸ್ಟೋರಿನಿಂದ ತಂದ ಅಂಟಿಸುವ ಬೊಟ್ಟಿನ ಪ್ಯಾಕೆಟ್ ಚಾಚಿದ. ನೇರಳೆ ಬಣ್ಣ, ಸುತ್ತ ಹರಳು.

ಶ್ವೇತ ಆಗಲೇ ಫೋನು ಮಾಡಿದಳು. "ಅಮ್ಮಾ, ಅಜ್ಜಿ ಹೆಂಗವ್ಳೆ?"

"ತಡಿ, ಕೇಳಿಸ್ಕೋ" ಎಂದು ಫೋನನ್ನು ಹಾಸಿಗೆಯ ಹತ್ತಿರ ಹಿಡಿದೆ.

"ನನ್ ವಯಸ್ಸಿಗೆ ಹರಳಿಂದು ಯಾಕ್ರೀ ತಂದ್ರಿ? ಒಂದು ಕೆಂಪು ಬೊಟ್ಟು ತರಕ್ಕೂ ಬರಲ್ವಾ ನಿಮ್ಗೆ?" ಎಂದು ಅಮ್ಮ ಒಣಗಿದ ಗಂಟಲಲ್ಲೇ ಬಯ್ಯುತ್ತಿದ್ದಳು. ಬಯ್ಯುತ್ತಲೇ ಹಣೆಯನ್ನು ಅಪ್ಪನ ಕಡೆಗೆ ತಿರುಗಿಸಿ ಕೊಟ್ಟಿದ್ದಳು.