ಅಲ್ಲಿಗೆ ಬಸ್ಸು ಉಂಟಾ?

ಜಾಗ ನೋಡಲು ಹೋದಲ್ಲೆಲ್ಲ ದೇವದಾಸ ಮೊದಲು ಬಾವಿಗೆ ಬಗ್ಗುತ್ತಿದ್ದ. ಬೇಬಿ ರಸ್ತೆಯ ಕಡೆ ನೋಡುತ್ತಿದ್ದಳು.

ಮಸ್ಕತ್ತಿನಲ್ಲಿ ಎ.ಸಿ. ರಿಪೇರಿ ಮಾಡುತ್ತ ಅರ್ಧ ಆಯುಷ್ಯ ಕಳೆದು ಬಂದವನಿಗೆ ಇದ್ದದ್ದು ಒಂದೇ ಆಸೆ. ಎದ್ದು ಬಾಗಿಲು ತೆರೆದರೆ ಕಣ್ಣಿಗೆ ಇನ್ನೊಬ್ಬರ ಗೋಡೆ ತಾಗಬಾರದು. ಬೇಬಿ ಮಣಿಪಾಲದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಟೆಕ್ನೀಶಿಯನ್. ನಿವೃತ್ತಿಗೆ ಇನ್ನೂ ವರ್ಷಗಳಿದ್ದವು. ಮಗಳು ಆಶ್ರಿತಾ ಮದುವೆಯಾಗಿ ಮಂಗಳೂರಿಗೆ ಹೋದ ಮೇಲೆ ಆಸ್ಪತ್ರೆಯ ಹತ್ತಿರದ ಈಶ್ವರನಗರದ ಫ್ಲ್ಯಾಟಿನಲ್ಲಿ ಉಳಿದವರು ಇವರಿಬ್ಬರೇ. ಅದನ್ನು ಮಾರಿ ಹಳ್ಳಿಯ ಕಡೆ ಜಾಗ ಮಾಡಿ ಮನೆ ಕಟ್ಟುವುದು ಎಂದು ದೇವದಾಸ ಹೇಳಿದಾಗ ಬೇಬಿ ಬೇಡ ಎನ್ನಲಿಲ್ಲ. ಆದರೆ ಬೇಕು ಎಂದೂ ಹೇಳಿರಲಿಲ್ಲ. ಅದನ್ನು ಅವನು ಗಮನಿಸಲಿಲ್ಲ.

ಬ್ರೋಕರ್ ರೂಪೇಶ್ ಮೊದಲು ಹೂಡೆಗೆ ಕರೆದುಕೊಂಡು ಹೋದ. ಒಂದು ಬದಿಗೆ ಹೊಳೆ, ಇನ್ನೊಂದು ಬದಿಗೆ ಸಮುದ್ರದ ಸದ್ದು, ತಂಗಾಳಿ. ದೇವದಾಸ ಬಾವಿಯ ನೀರನ್ನು ಬಾಯಿಗೆ ಹಾಕಿ ಉಗಿದ. ಮಾರ್ಚ್ ಬಂದರೆ ಅಲ್ಲಿ ಕುಡಿಯುವ ನೀರನ್ನು ಹೊರಗಿನಿಂದ ತರಬೇಕಂತೆ. ಎಲ್ಲೂರಿನಲ್ಲಿ ನೋಡಿದ್ದು ಒಳ್ಳೆಯ ಗದ್ದೆಯೇ. ಆದರೆ ಮನೆ ಕಟ್ಟುವುದಾದರೆ ಲೋಡುಗಟ್ಟಲೆ ಮಣ್ಣು ತುಂಬಿಸಬೇಕು. ಬೇಬಿಯೋ ಪ್ರತಿದಿನ ಹೆದ್ದಾರಿಗೆ ಬಂದು ಉಡುಪಿಯಲ್ಲಿ ಬಸ್ಸು ಬದಲಿಸಬೇಕು.

ಮೂರನೆಯದು ಅಜೆಕಾರಿನದು. ಗೇರುಮರಗಳ ಗುಡ್ಡೆ, ಗುಡ್ಡೆಯ ಬುಡದಲ್ಲಿ ಸಣ್ಣ ತೋಡು, ತೋಡಿನ ಆಚೆ ಒಂದು ತುಂಡು ಗದ್ದೆ. ದೇವದಾಸ ಚಪ್ಪಲಿ ಕಳಚಿಟ್ಟು ನೀರಿಗೆ ಇಳಿದ. ಮತ್ತೆ ಬಹಳ ಹೊತ್ತು ಅವನು ಮೇಲೆ ಬರಲಿಲ್ಲ. ಅವನ ಮುಖ ನೋಡಿದಾಗಲೇ ಬೇಬಿಗೆ ಇದು ನಿಶ್ಚಯವಾಯಿತು ಅನಿಸಿತು.

“ಇಲ್ಲಿಂದ ಮಣಿಪಾಲಕ್ಕೆ ಎಷ್ಟು ಹೊತ್ತು?” ಎಂದು ಅವಳು ರೂಪೇಶನನ್ನು ಕೇಳಿದಳು.

“ಏನಿಲ್ಲ ಅಕ್ಕ, ಹೀಗೆ ಹೋಗಿ ಹಾಗೆ ಬರಬಹುದು.”

“ನಿನ್ನ ಕಾರಲ್ಲಿ ಅಲ್ಲ ಮಾರಾಯ. ಬಸ್ಸು ಉಂಟಾ?”

“ಬಸ್ಸು ಇಲ್ಲದೆ? ಬೇಕಾದಷ್ಟು ಉಂಟು,” ಎಂದು ರೂಪೇಶ್ ನಕ್ಕು, ದೇವದಾಸನಿಗೆ ಗಡಿಕಲ್ಲು ತೋರಿಸಲು ಹೋದ.

ಆ ಸಂಜೆ ಊಟಕ್ಕೆ ಕುಳಿತಾಗಲೂ ದೇವದಾಸ ತೋಡಿನ ನೀರಿನದೇ ಮಾತಾಡಿದ. ಬೇಬಿ ಮೀನಿನ ಮುಳ್ಳು ತೆಗೆಯುತ್ತ, “ಬೆಳಿಗ್ಗೆ ಹೋಗಿ ರಾತ್ರಿ ಬರುವವಳು ನಾನು. ನಿಮಗೆ ತೋಡು, ನನಗೆ ಬಸ್ಸು, ಅಲ್ವಾ?” ಎಂದಳು.

“ಸ್ವಲ್ಪ ವರ್ಷ ತಾನೇ? ಅಭ್ಯಾಸ ಆಗ್ತದೆ,” ಎಂದ ಅವನು.

ಮರುದಿನ ಲ್ಯಾಬಿನಲ್ಲಿ ಟೀ ಕುಡಿಯುವಾಗ ಬೇಬಿ ಇದನ್ನು ಜೊತೆಗೆ ಕೆಲಸ ಮಾಡುವ ಪ್ಯಾಟ್ರಿಶಿಯಾಳಿಗೆ ಹೇಳಿದಳು. ಪ್ಯಾಟ್ರಿಶಿಯಾಳ ಮನೆ ಇರುವುದು ಅಜೆಕಾರಿನಲ್ಲೇ. ದಿನಾ ಅಲ್ಲಿಂದಲೇ ಡ್ಯೂಟಿಗೆ ಬರುವವಳು.

“ಬೇಬಿಯಕ್ಕ, ಸೀರೆ ತೆಗೆದುಕೊಳ್ಳುವಾಗಲೂ ನಾವು ಮೈಮೇಲೆ ಹಾಕಿ ನೋಡುವುದಿಲ್ವಾ? ಒಂದು ವಾರ ನಮ್ಮ ಮನೆಯಲ್ಲಿ ನಿಲ್ಲಿ. ನನ್ನ ಜೊತೆ ಹೋಗಿ ಬನ್ನಿ. ಮತ್ತೆ ಬೇಕಾ ಬೇಡವಾ ಹೇಳಿ,” ಎಂದಳು ಅವಳು.

ಬೇಬಿ ಅದೇ ಭಾನುವಾರ ಬ್ಯಾಗು ಹಿಡಿದುಕೊಂಡು ಹೊರಟಳು. “ಇದೆಂತ ಹುಚ್ಚು?” ಎಂದು ದೇವದಾಸ ಗೊಣಗಿದರೂ ಬಸ್‌ಸ್ಟ್ಯಾಂಡಿನವರೆಗೆ ಬಂದು ಬಿಟ್ಟುಹೋದ.

ಬೆಳಗಿನ ಬಸ್ಸನ್ನು ಬೇಬಿ ನೆನೆಸಿಕೊಂಡದ್ದು ಬೇರೆ, ಕಂಡದ್ದು ಬೇರೆ. ಕಿಟಕಿಯ ಬದಿಯ ಸೀಟು, ತಣ್ಣನೆಯ ಗಾಳಿ. ಪಕ್ಕದಲ್ಲಿ ಕುಳಿತ ಟೀಚರೊಬ್ಬರು ಇವಳು ಲ್ಯಾಬಿನವಳೆಂದು ತಿಳಿದು ತಮ್ಮ ಅತ್ತೆಯ ಶುಗರಿನ ವಿಷಯ ವಿಚಾರಿಸಿದರು. ಯಾರೋ ಮಡಿಲ ಮೇಲೆ ಮಲ್ಲಿಗೆ ಹರಡಿಕೊಂಡು ಕಟ್ಟುತ್ತಿದ್ದರು. ಹಿರಿಯಡ್ಕ ದಾಟುವಾಗ ಅವಳಿಗೆ ಒಳ್ಳೆಯ ನಿದ್ದೆ. ಪರ್ಕಳದ ಏರಿನಲ್ಲಿ ಪ್ಯಾಟ್ರಿಶಿಯಾ ತಟ್ಟಿ ಎಬ್ಬಿಸಬೇಕಾಯಿತು. ಏನನ್ನೂ ಮಾಡಬೇಕಾಗಿಲ್ಲದ ಅಷ್ಟು ಹೊತ್ತು ತನಗೆ ಸಿಕ್ಕಿ ಎಷ್ಟು ಕಾಲವಾಗಿತ್ತು ಎಂದು ಅವಳು ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟಳು.

ಸಂಜೆಯದು ಹಾಗಲ್ಲ. ಕಾಲೇಜು ಮಕ್ಕಳ ಬ್ಯಾಗುಗಳ ನಡುವೆ ಹಿರಿಯಡ್ಕದವರೆಗೆ ನಿಂತೇ ಬರಬೇಕು. ಇಳಿಯುವಾಗ ಮೊಣಕಾಲು ಮಾತು ಕೇಳುವುದಿಲ್ಲ. ಬುಧವಾರ ಅವಳು ಪ್ಯಾಟ್ರಿಶಿಯಾಳನ್ನು ಮನೆಗೆ ಕಳುಹಿಸಿ, ಆ ಜಾಗದವರೆಗೆ ಒಬ್ಬಳೇ ನಡೆದು ನೋಡಿದಳು. ಬಸ್ಸಿನ ರಸ್ತೆ ಬಿಟ್ಟ ಮೇಲೆ ಒಂದು ಮನೆಯೂ ಇಲ್ಲ. ಗೇರುಮರಗಳ ಕೆಳಗೆ ಆಗಲೇ ಮಬ್ಬು. ಪೊದೆಯಲ್ಲಿ ಏನೋ ಸರಕ್ಕೆಂದಿತು. ಹಂದಿಯೋ, ಬರೀ ಓತಿಕ್ಯಾತವೋ ಗೊತ್ತಾಗಲಿಲ್ಲ. ಆದರೂ ಅವಳು ತೋಡಿನವರೆಗೂ ಹೋಗಿಯೇ ತಿರುಗಿದಳು.

ದೇವದಾಸ ದಿನಾ ಫೋನು ಮಾಡುತ್ತಿದ್ದ. ಮೊದಲ ದಿನ ತೊಗರಿಬೇಳೆ ಎಲ್ಲುಂಟು ಎಂದು ಕೇಳಿದ. ಮರುದಿನ ಕೇಳಲು ಏನೂ ಇರಲಿಲ್ಲ. ಆದರೂ ಫೋನು ಇಡಲಿಲ್ಲ. “ಊಟ ಆಯ್ತಾ? ಮತ್ತೆ? ಮತ್ತೆಂತ?” ಎನ್ನುತ್ತಲೇ ಇದ್ದ. ಮಸ್ಕತ್ತಿನಿಂದ ಅವನು ಫೋನು ಮಾಡುತ್ತಿದ್ದಾಗ ತಾನೂ ಹೀಗೆಯೇ ಮಾತು ಎಳೆಯುತ್ತಿದ್ದೆ ಎಂದು ಬೇಬಿಗೆ ಅನಿಸಿತು.

ಶನಿವಾರ ಅವಳು ಮನೆಗೆ ಬಂದಾಗ ದೇವದಾಸ ಬಾಗಿಲಲ್ಲೇ ನಿಂತಿದ್ದ. ಬ್ಯಾಗು ತೆಗೆದುಕೊಂಡವನೇ, “ರೂಪೇಶನಿಗೆ ಬೇಡ ಅಂತ ಹೇಳಿಬಿಟ್ಟೆ. ಜಾಗದ ಸುದ್ದಿಯೇ ಬೇಡ. ಇಲ್ಲೇ ಇರುವ,” ಎಂದ.

“ಎಂತಕ್ಕೆ?”

“ಸಂಜೆ ಆಗುವಾಗ ಈ ಮನೆಯೊಳಗೆ ಕೂತುಕೊಳ್ಳಲಿಕ್ಕೆ ಆಗ್ಲಿಲ್ಲ ಮಾರಾಯ್ತಿ. ಟಿ.ವಿ. ಹಾಕಿದೆ, ಆಫ್ ಮಾಡಿದೆ. ಕೆಳಗೆ ಹೋಗಿ ಗೇಟಿನ ಹತ್ತಿರ ನಿಂತೆ. ಒಂದು ವಾರಕ್ಕೇ ಹೀಗೆ. ನೀನು ಅಷ್ಟು ವರ್ಷ ಹೇಗೆ ಇದ್ದೆ?”

ಈ ಪ್ರಶ್ನೆಗೆ ಬೇಬಿಯ ಹತ್ತಿರ ಒಂದು ಕಾಲದಲ್ಲಿ ಉತ್ತರ ಸಿದ್ಧವಾಗಿತ್ತು. ಮಗುವಿಗೆ ಜ್ವರ ಬಂದ ರಾತ್ರಿಗಳು, ಅತ್ತೆಯ ಆಸ್ಪತ್ರೆ, ಒಬ್ಬಳೇ ನಿಂತು ಮಾಡಿಸಿದ ಗೃಹಪ್ರವೇಶ. ಕೇಳುವವನು ಈಗ ಕೇಳಿದ್ದ. ಹೇಳಬೇಕೆಂಬ ಹಟ ಮಾತ್ರ ಎಲ್ಲೋ ಹೊರಟುಹೋಗಿತ್ತು. ಬದಲಿಗೆ ಅವಳಿಗೆ ಸಿಟ್ಟು ಬಂತು.

“ಆಗ ಮಸ್ಕತ್ತಿಗೆ ಹೋಗುವುದು ಅಂತ ತೀರ್ಮಾನ ಮಾಡಿದ್ದು ನೀವು. ಜಾಗ ತೆಗೆಯುವುದು ಅಂದದ್ದೂ ನೀವು. ಈಗ ಬೇಡ ಅನ್ನುವುದೂ ನೀವೇ. ಹಾಗಾದ್ರೆ ನಾನು ವಾರ ಇಡೀ ಆ ಬಸ್ಸಲ್ಲಿ ನೇತಾಡಿದ್ದು ಎಂತಕ್ಕೆ?”

“ನಿನಗೆ ಕಷ್ಟ ಅಂತ ತಾನೇ…”

“ಕಷ್ಟವಾ ಸುಖವಾ ಅಂತ ನನ್ನನ್ನು ಕೇಳಿದ್ರಾ?”

ದೇವದಾಸ ಬ್ಯಾಗನ್ನು ಕುರ್ಚಿಯ ಮೇಲಿಟ್ಟ. ಏನು ಮಾಡುವುದೆಂದು ತಿಳಿಯದೆ ಅಡುಗೆಮನೆಗೆ ಹೋಗಿ ಟೀಗೆ ನೀರಿಟ್ಟ. ಎರಡು ಲೋಟ ತಂದು ಎದುರಿಗೆ ಕುಳಿತು, “ಹೇಳು. ಹೇಗಿತ್ತು?” ಎಂದ.

ಬೇಬಿ ಎಲ್ಲವನ್ನೂ ಹೇಳಿದಳು: ಬೆಳಗಿನ ನಿದ್ದೆ, ಟೀಚರ ಅತ್ತೆ, ಮೊಣಕಾಲು, ಗೇರುಮರದ ಕೆಳಗಿನ ಕತ್ತಲೆ. ಅವನು ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ ಅವಳು, “ಆ ಜಾಗ ನನಗೆ ಬೇಡ. ಬಸ್ಸಿಂದ ಇಳಿದ ಮೇಲೆ ಅಷ್ಟು ನಡೆಯಲಿಕ್ಕೆ ಆಗುವುದಿಲ್ಲ. ಆದ್ರೆ ಬೆಳಗಿನ ಆ ಬಸ್ಸು, ಆ ದಾರಿ ನನಗೆ ಬೇಕು. ಹಿರಿಯಡ್ಕದ ಆಸುಪಾಸು, ರಸ್ತೆ ಬದಿಯಲ್ಲೇ ನೋಡುವ. ನೆಲ ಸಣ್ಣದಾದ್ರೂ ಅಡ್ಡಿಯಿಲ್ಲ,” ಎಂದಳು.

“ಅಲ್ಲಿ ತೋಡು ಸಿಗ್ಲಿಕ್ಕಿಲ್ಲ.”

“ಸಿಗ್ಲಿಕ್ಕಿಲ್ಲ.”

ಅವನು ಖಾಲಿ ಲೋಟಗಳನ್ನು ಒಂದರೊಳಗೊಂದು ಇಟ್ಟ. ಆಮೇಲೆ, “ಆಗಲಿ,” ಎಂದ. ಅದು ಅವನಿಗೆ ಸುಲಭವಾಗಿರಲಿಲ್ಲ ಎಂಬುದು ಬೇಬಿಗೆ ಗೊತ್ತಿತ್ತು.

ಅಂಥ ಜಾಗ ಸಿಗುವಾಗ ಒಂದು ಮಳೆಗಾಲವೇ ಕಳೆದುಹೋಯಿತು. ಮುಕ್ಕಾಲು ಎಕರೆ, ಮೇಲೆ ಗಟ್ಟಿ ಕೆಂಪು ಮುರಕಲ್ಲು, ಬೇಲಿಯ ಹತ್ತಿರ ಎರಡು ಹಲಸು. ಗದ್ದೆ ಇಲ್ಲ. ದೇವದಾಸ ಮಣ್ಣನ್ನು ಕೈಯಲ್ಲಿ ಹಿಡಿದು, “ಇದರಲ್ಲಿ ಎಂತ ಆಗ್ತದೆ? ಅನಾನಸು ಆದೀತು,” ಎಂದು ಮುಖ ಸಣ್ಣ ಮಾಡಿದ. ರಿಜಿಸ್ಟ್ರೇಶನ್ ಆದ ಮರುದಿನವೇ ನೆಲ ಅಗೆಯಲು ಪಿಕ್ಕಾಸಿ ತೆಗೆದುಕೊಂಡು ಹೋದವನೂ ಅವನೇ.

ಒಂದು ಸಂಜೆ ಬೇಬಿ ಡ್ಯೂಟಿ ಮುಗಿಸಿ ನೇರ ಅಲ್ಲಿಗೇ ಬಂದು ಇಳಿದಳು. ದೇವದಾಸ ಬೆನ್ನು ಹಾಕಿ, ಮನೆಯ ಗುರುತಿಗೆ ಗೂಟ ಹೊಡೆದು ಹಗ್ಗ ಎಳೆಯುತ್ತಿದ್ದ. ಬಸ್ಸು ಬಂದದ್ದೂ ಅವನಿಗೆ ಕೇಳಿಸಲಿಲ್ಲ. ಅವಳು ಬೇಲಿಯ ಬಳಿ ನಿಂತು ತನ್ನಷ್ಟಕ್ಕೆ ಆ ನೆಲವನ್ನು ನೋಡಿದಳು. ಬಿಸಿಲು ಹಲಸಿನ ಸಂದಿಯಿಂದ ಓರೆಯಾಗಿ ಬೀಳುತ್ತಿತ್ತು.

“ಅಡುಗೆಮನೆ ಆ ಬದಿಗೆ ಬೇಡ,” ಎಂದಳು.

ದೇವದಾಸ ತಿರುಗಿ ನೋಡಿದ. “ಮತ್ತೆ ಎಲ್ಲಿ?”

“ನಿಲ್ಲಿ, ಬರ್ತೇನೆ,” ಎಂದು ಅವಳು ಸೀರೆಯ ನೆರಿಗೆ ಎತ್ತಿ ಹಿಡಿದು ಒಳಗೆ ನಡೆದಳು.